ಇಂಪೋರ್ಟ್‌ನಲ್ಲಿ ಬರೆದದ್ದು ಒಂದು, ಬಿಲ್ಡ್‌ನಲ್ಲಿ ಬರಬೇಕಾದದ್ದು ಇನ್ನೊಂದು

ಪ್ರಶ್ನೆ: ನಮ್ಮದು ರಿಯಾಕ್ಟ್‌ನಲ್ಲಿ ಬರೆದ ಆ್ಯಪ್. ಕೋಡನ್ನು ಬ್ರೌಸರ್‌ಗೆ ತಯಾರು ಮಾಡುವ ಬಿಲ್ಡ್‌ಗೆ, ಫೈಲ್‌ಗಳನ್ನು ಒಟ್ಟುಗೂಡಿಸುವ ವೆಬ್‌ಪ್ಯಾಕ್ 5 ಬಳಸುತ್ತೇವೆ. ಹಣ ಪಾವತಿಯ ಕೆಲಸವೆಲ್ಲ ‘ಪೇಮೆಂಟ್’ ಅನ್ನುವ ಒಂದೇ ಫೈಲ್‌ನಲ್ಲಿದೆ. ಅದನ್ನು ಸುಮಾರು 40 ಕಡೆ ಇಂಪೋರ್ಟ್ ಮಾಡಿದ್ದೇವೆ. ಗ್ರಾಹಕರಿಗೆ ತೋರಿಸುವ ಡೆಮೊ ಬಿಲ್ಡ್‌ನಲ್ಲಿ ನಿಜವಾದ ಪಾವತಿ ನಡೆಯಬಾರದು, ಅದರ ಜಾಗದಲ್ಲಿ ನಕಲಿ ಪಾವತಿಯ ಫೈಲ್ ಬರಬೇಕು. ಇಫ್ ಹಾಕಿ ನೋಡಿದೆ, ಎರಡೂ ಫೈಲ್ ಬಂಡಲ್‌ಗೆ (ಬಿಲ್ಡ್‌ನಿಂದ ಹೊರಬರುವ ಒಟ್ಟು ಕೋಡ್‌ಗೆ) ಸೇರುತ್ತಿವೆ. ಒಂದು ಹೆಸರಿನ ಜಾಗಕ್ಕೆ ಇನ್ನೊಂದು ಫೈಲ್ ಕೊಡುವ ಅಲಿಯಾಸ್ ಸೆಟ್ಟಿಂಗ್ ಹಾಕಿದೆ, ಕೆಲವು ಕಡೆ ಕೆಲಸ ಮಾಡುತ್ತದೆ, ಕೆಲವು ಕಡೆ ಇಲ್ಲ. 40 ಫೈಲ್‌ಗಳನ್ನು ಮುಟ್ಟದೆ ಇದನ್ನು ಮಾಡಲು ಆಗುತ್ತದೆಯೇ?

ಉತ್ತರ: ಆಗುತ್ತದೆ. ಇವತ್ತೇ ಮಾಡಿಕೊಳ್ಳಬಹುದು. ಆದರೆ ನೀವು ಮಾಡಿ ನೋಡಿದ ಎರಡೂ ದಾರಿ ಯಾಕೆ ಕೈಕೊಟ್ಟವು ಅಂತ ಮೊದಲು ನೋಡೋಣ. ಅದು ತಿಳಿದರೆ ಮುಂದಿನದು ಸುಲಭ.

ಬಂಡ್ಲರ್, ಅಂದರೆ ವೆಬ್‌ಪ್ಯಾಕ್‌ನಂಥ ಸಾಧನ, ನಿಮ್ಮ ಕೋಡನ್ನು ಓಡಿಸುವುದಿಲ್ಲ, ಬರೀ ಓದುತ್ತದೆ. ಒಂದು ಫೈಲ್ ತೆರೆದು, ಅದರಲ್ಲಿರುವ ಇಂಪೋರ್ಟ್ ಸಾಲುಗಳನ್ನು ಹುಡುಕಿ, ಒಂದೊಂದು ಹೆಸರಿಗೂ ಡಿಸ್ಕ್‌ನಲ್ಲಿ ಯಾವ ಫೈಲ್ ಅಂತ ಪತ್ತೆ ಮಾಡಿ, ಆ ಫೈಲನ್ನೂ ತೆರೆಯುತ್ತದೆ. ಹೀಗೆ ಎಲ್ಲವನ್ನೂ ಮುಟ್ಟುವವರೆಗೆ ಸಾಗುತ್ತದೆ. ನೀವು ಮೇಲೆ ಎರಡೂ ಫೈಲ್‌ಗಳನ್ನು ಇಂಪೋರ್ಟ್ ಮಾಡಿ ಕೆಳಗೆ ಇಫ್‌ನಲ್ಲಿ ಒಂದನ್ನು ಆರಿಸಿದರೆ, ಬಂಡ್ಲರ್ ಕಣ್ಣಿಗೆ ಎರಡೂ ಬೇಕಾದ ಫೈಲ್‌ಗಳೇ. ಕೋಡ್‌ನಲ್ಲಿನ ಹೆಸರಿಗೆ ಬಿಲ್ಡ್‌ನಲ್ಲೇ ಬೆಲೆ ತುಂಬುವ ಡಿಫೈನ್ ಪ್ಲಗಿನ್‌ನಿಂದ ಆ ಇಫ್ ‘ಸುಳ್ಳು’ ಅಂತ ಬಿಲ್ಡ್ ಹೊತ್ತಿಗೇ ಗೊತ್ತಾಗಿರಬಹುದು. ಆದರೂ ಇಂಪೋರ್ಟ್ ಆದ ಫೈಲ್ ಲೋಡ್ ಆದ ಕೂಡಲೇ ಏನಾದರೂ ಕೆಲಸ ಮಾಡುವಂತಿದ್ದರೆ ವೆಬ್‌ಪ್ಯಾಕ್ ಅದನ್ನು ಕಿತ್ತುಹಾಕಲು ಹಿಂಜರಿಯುತ್ತದೆ. ಪಾವತಿ ಕಂಪನಿಗಳು ಕೊಡುವ ಲೈಬ್ರರಿಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ. ಅದಕ್ಕೇ ಡೆಮೊ ಬಿಲ್ಡ್‌ನಲ್ಲಿ ನಿಜವಾದ ಪಾವತಿಯ ಕೋಡ್ ಉಳಿದುಬಿಟ್ಟಿದೆ.

ಅಲಿಯಾಸ್ ವಿಷಯ ಬೇರೆ. ಊರಲ್ಲಿ ಒಂದೇ ಮನೆಗೆ ನಾಲ್ಕು ಗುರುತು ಇರುತ್ತವೆ ಅಲ್ವಾ? ಒಬ್ಬರು ‘ಬಾವಿ ಪಕ್ಕದ ಮನೆ’ ಅಂತಾರೆ, ಇನ್ನೊಬ್ಬರು ‘ಪಟೇಲರ ಮನೆ’ ಅಂತಾರೆ. ‘ಪಟೇಲರ ಮನೆ ಅಂತ ಬರೆದ ಕಾಗದವನ್ನೆಲ್ಲ ಆಚೆ ಬೀದಿಗೆ ಕೊಟ್ಟುಬಿಡಿ’ ಅಂತ ಪೋಸ್ಟ್‌ಮ್ಯಾನ್‌ಗೆ ಹೇಳಿದರೆ ಅವರು ಅಷ್ಟನ್ನೇ ಮಾಡುತ್ತಾರೆ. ‘ಬಾವಿ ಪಕ್ಕದ ಮನೆ’ ಅಂತ ಬರೆದದ್ದು ಹಳೇ ಮನೆಗೇ ಹೋಗುತ್ತದೆ. ನೀವು ಹಾಕಿದ ಅಲಿಯಾಸ್ ಹೀಗೇ ನಡೆದುಕೊಂಡಿದೆ. ಅದು ಮೊದಲು ನೋಡುವುದು ಇಂಪೋರ್ಟ್ ಸಾಲಿನಲ್ಲಿ ಬರೆದ ಅಕ್ಷರಗಳನ್ನು. ‘./ಪೇಮೆಂಟ್’ ಅಂತ ಬರೆದ ಕಡೆ ಬದಲಾಯಿತು. ‘../ಪೇಮೆಂಟ್’, ‘../../ಸರ್ವಿಸಸ್/ಪೇಮೆಂಟ್’ ಅಂತ ಬರೆದ ಕಡೆ ಆಗಲಿಲ್ಲ.

ಇದರಲ್ಲಿ ಇನ್ನೊಂದು ಅಪಾಯವೂ ಇದೆ. ನೀವು ಬಳಸುವ ಯಾವುದೋ ಲೈಬ್ರರಿಯ ಒಳಗೆ ‘./ಪೇಮೆಂಟ್’ ಅನ್ನುವ ಅದರದೇ ಫೈಲ್ ಇದ್ದರೆ ಅದೂ ನಿಮ್ಮ ನಕಲಿ ಫೈಲ್‌ಗೆ ತಿರುಗುತ್ತದೆ. ‘./ಯುಟಿಲ್ಸ್’ ತರಹದ ಹೆಸರಿಗೆ ಹೀಗೆ ಮಾಡಿದರಂತೂ ಎಲ್ಲಿ ಏನು ಮುರಿಯಿತು ಅಂತ ಹುಡುಕುವುದರಲ್ಲೇ ದಿನ ಹೋಗುತ್ತದೆ. ಆದ್ದರಿಂದ ಚುಕ್ಕಿಯಿಂದ ಶುರುವಾಗುವ ಹೆಸರಿಗೆ ಅಲಿಯಾಸ್ ಹಾಕಲೇಬೇಡಿ.

ಹಾಗಾದರೆ ಇವತ್ತಿಗೆ ಏನು ಮಾಡಬಹುದು? ಅಲಿಯಾಸ್‌ಗೆ ಅಕ್ಷರಗಳ ಬದಲು ಫೈಲ್‌ನ ಪೂರ್ತಿ ವಿಳಾಸ ಕೊಡಿ. ವೆಬ್‌ಪ್ಯಾಕ್ 5 ಅಲಿಯಾಸ್ ಪಟ್ಟಿಯನ್ನು ಎರಡು ಸಲ ನೋಡುತ್ತದೆ. ಹುಡುಕಾಟ ಶುರುವಾಗುವಾಗ ಬರೆದ ಹೆಸರಿಗೆ ಒಮ್ಮೆ, ಕೊನೆಗೆ ಫೈಲ್ ಸಿಕ್ಕಾಗ ಅದರ ಪೂರ್ತಿ ವಿಳಾಸಕ್ಕೆ ಇನ್ನೊಮ್ಮೆ. ಎಡಗಡೆ ನಿಜವಾದ ಪೇಮೆಂಟ್ ಫೈಲ್‌ನ ವಿಳಾಸ, ಬಲಗಡೆ ನಕಲಿಯ ವಿಳಾಸ ಇರಲಿ. ಎರಡನ್ನೂ ಎಕ್ಸ್‌ಟೆನ್ಷನ್ (‘.ಜೆಎಸ್’ ತರಹದ ಬಾಲ) ಸಮೇತ, ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಪಾತ್ ರಿಸಾಲ್ವ್ ಫಂಕ್ಷನ್‌ನಿಂದಲೇ ಕಟ್ಟಿಸಿ. ಕೈಯಲ್ಲಿ ಬರೆದರೆ ವಿಂಡೋಸ್‌ನ ಓರೆಗೆರೆಗಳು ಹೊಂದುವುದಿಲ್ಲ. ಆಮೇಲೆ 40 ಫೈಲ್‌ಗಳಲ್ಲಿ ಯಾರು ಹೇಗೇ ಬರೆದಿರಲಿ, ಹುಡುಕಾಟ ಆ ಮನೆ ಬಾಗಿಲಿಗೆ ಬಂದ ಕೂಡಲೇ ಆಚೆ ಮನೆಗೆ ತಿರುಗುತ್ತದೆ. ಬೇರೆ ಯಾವ ಫೈಲ್‌ಗೂ ತಾಕುವುದಿಲ್ಲ. ಒಂದೇ ಫೈಲ್ ಬದಲಿಸಬೇಕಾದ ನಿಮ್ಮಂಥವರಿಗೆ ಇದೇ ಸರಿ. ಆಂಗ್ಯುಲರ್ ಬಳಸುವವರು ‘ಫೈಲ್ ರಿಪ್ಲೇಸ್‌ಮೆಂಟ್ಸ್’ ಅನ್ನುವ ಸೆಟ್ಟಿಂಗ್‌ನಲ್ಲಿ ಎನ್ವಿರಾನ್‌ಮೆಂಟ್ ಫೈಲ್‌ಗಳನ್ನು ಬದಲಿಸುತ್ತಾರಲ್ಲ, ಅದೂ ಹೀಗೆ ಫೈಲ್ ನೋಡಿಯೇ ಬದಲಿಸುತ್ತದೆ.

ಇಂಥ ಜೋಡಿ ಫೈಲ್‌ಗಳು ಹತ್ತಾರು ಇದ್ದರೆ ಇನ್ನೊಂದು ದಾರಿ ಇದೆ, ನನಗೆ ಅದು ಬಹಳ ಇಷ್ಟ. ಇಂಪೋರ್ಟ್‌ನಲ್ಲಿ ಎಕ್ಸ್‌ಟೆನ್ಷನ್ ಬರೆಯದಿದ್ದರೆ ಬಂಡ್ಲರ್ ತನ್ನ ಪಟ್ಟಿಯಲ್ಲಿರುವ ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ಅಂಟಿಸಿ ನೋಡುತ್ತದೆ. ಡೆಮೊ ಬಿಲ್ಡ್‌ನಲ್ಲಿ ಆ ಪಟ್ಟಿಯ ಮೊದಲಿಗೆ ‘.ಡೆಮೊ.ಜೆಎಸ್’ ಸೇರಿಸಿ. ಪೇಮೆಂಟ್ ಫೈಲ್ ಪಕ್ಕದಲ್ಲೇ ‘ಪೇಮೆಂಟ್.ಡೆಮೊ.ಜೆಎಸ್’ ಇಡಿ. ಅಷ್ಟೇ, ಡೆಮೊ ಫೈಲ್ ಇದ್ದ ಕಡೆ ಅದು ಬರುತ್ತದೆ, ಇಲ್ಲದ ಕಡೆ ಮಾಮೂಲಿಯದು ಬರುತ್ತದೆ. ರಿಯಾಕ್ಟ್ ನೇಟಿವ್‌ನ ಬಂಡ್ಲರ್ ಮೆಟ್ರೊ ಐಫೋನ್‌ಗೆ ಒಂದು ಫೈಲ್, ಆಂಡ್ರಾಯ್ಡ್‌ಗೆ ಒಂದು ಫೈಲ್ ಆರಿಸುವುದೂ ಇಂಥ ಹೆಸರಿನ ಬಾಲ ನೋಡಿಯೇ. ಜಾವಾಸ್ಕ್ರಿಪ್ಟ್‌ಗೆ ಟೈಪ್ ಸೇರಿಸಿದ ಭಾಷೆಯಾದ ಟೈಪ್‌ಸ್ಕ್ರಿಪ್ಟ್‌ನಲ್ಲೂ ಇದಕ್ಕೆ ಜೊತೆಯಾಗುವ ‘ಮಾಡ್ಯೂಲ್ ಸಫಿಕ್ಸಸ್’ ಸೆಟ್ಟಿಂಗ್ 4.7ರಿಂದ ಇದೆ. ಮಿತಿ ಏನೆಂದರೆ, ಎಕ್ಸ್‌ಟೆನ್ಷನ್ ಪೂರ್ತಿ ಬರೆದ ಇಂಪೋರ್ಟ್‌ಗಳಿಗೆ ಇದು ನಡೆಯುವುದಿಲ್ಲ.

ಇನ್ನು ಬಹಳ ಜನ ಮೊದಲು ಕೈಹಾಕುವುದು ‘ನಾರ್ಮಲ್ ಮಾಡ್ಯೂಲ್ ರಿಪ್ಲೇಸ್‌ಮೆಂಟ್’ ಪ್ಲಗಿನ್‌ಗೆ. ವೆಬ್‌ಪ್ಯಾಕ್ ಜೊತೆಗೇ ಬರುತ್ತದೆ. ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ (ಹೆಸರುಗಳನ್ನು ಹೊಂದಿಸಿ ನೋಡುವ ಮಾದರಿ) ಕೊಡಬೇಕು, ಬದಲಿ ಫೈಲ್ ಕೊಡಬೇಕು, ಮುಗಿಯಿತು. ನೋಡಲು ಸುಲಭ. ಆದರೆ ಇದರಲ್ಲಿ ಕಾಲು ಸಿಕ್ಕಿಸಿಕೊಂಡವರು ಜಾಸ್ತಿ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈ ಪ್ಲಗಿನ್ ನಿಮ್ಮ ಎಕ್ಸ್‌ಪ್ರೆಶನ್‌ನ್ನು ಎರಡು ಹಂತದಲ್ಲಿ ಪರೀಕ್ಷಿಸುತ್ತದೆ. ಹುಡುಕಾಟಕ್ಕೆ ಮೊದಲು, ಬರೆದ ಹೆಸರಿನ ಮೇಲೆ. ಹುಡುಕಾಟ ಮುಗಿದ ಮೇಲೆ, ಸಿಕ್ಕ ಫೈಲ್‌ನ ಪೂರ್ತಿ ವಿಳಾಸದ ಮೇಲೆ. ಬದಲಿ ಫೈಲನ್ನು ‘./ಪೇಮೆಂಟ್-ಡೆಮೊ’ ಅಂತ ಚುಕ್ಕಿ ಹಾಕಿ ಕೊಟ್ಟಿರಿ ಅಂದುಕೊಳ್ಳಿ. ಮೊದಲ ಹಂತದಲ್ಲಿ ಹೊಂದಿದರೆ ಆ ಚುಕ್ಕಿ ಅಂದರೆ ಇಂಪೋರ್ಟ್ ಮಾಡಿದ ಫೈಲ್ ಇರುವ ಫೋಲ್ಡರ್. ಎರಡನೇ ಹಂತದಲ್ಲಿ ಹೊಂದಿದರೆ ಅದೇ ಚುಕ್ಕಿ ಅಂದರೆ ಹಳೇ ಪೇಮೆಂಟ್ ಫೈಲ್ ಇರುವ ಫೋಲ್ಡರ್. ಒಂದೇ ಸಾಲು, ಎರಡು ಅರ್ಥ. ಅದಕ್ಕೇ ಕೆಲವು ಕಡೆ ಸಿಗುತ್ತದೆ, ಕೆಲವು ಕಡೆ ‘ಫೈಲ್ ಇಲ್ಲ’ ಅನ್ನುತ್ತದೆ. ಬದಲಿಗೆ ಯಾವತ್ತೂ ಪೂರ್ತಿ ವಿಳಾಸವನ್ನೇ ಕೊಡಿ.

ಎರಡನೇ ಹಂತದ ಬದಲಾವಣೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಆ ಹೊತ್ತಿಗೆ ಯಾವ ಲೋಡರ್‌ಗಳು (ಫೈಲನ್ನು ಮಾರ್ಪಡಿಸುವ ಸಾಧನಗಳು) ಓಡಬೇಕು ಅಂತ ಹಳೇ ಫೈಲ್ ನೋಡಿ ತೀರ್ಮಾನ ಆಗಿಹೋಗಿರುತ್ತದೆ. ಹಳೆಯದು ಜಾವಾಸ್ಕ್ರಿಪ್ಟ್, ಹೊಸದು ಟೈಪ್‌ಸ್ಕ್ರಿಪ್ಟ್ ಆಗಿದ್ದರೆ, ಟೈಪ್‌ಸ್ಕ್ರಿಪ್ಟ್ ಲೋಡರ್ ಓಡುವುದೇ ಇಲ್ಲ. ಬಿಲ್ಡ್ ಎಲ್ಲೋ ವಿಚಿತ್ರವಾದ ಸಿಂಟ್ಯಾಕ್ಸ್ ತಪ್ಪು ತೋರಿಸಿ ನಿಲ್ಲುತ್ತದೆ. ಕಾರಣ ಮಾತ್ರ ಅಲ್ಲಿ ಕಾಣುವುದಿಲ್ಲ.

ಎಕ್ಸ್‌ಪ್ರೆಶನ್ ಬರೆಯುವಾಗಲೂ ಹುಷಾರು. ಚುಕ್ಕಿಯ ಹಿಂದೆ ಓರೆಗೆರೆ ಹಾಕದಿದ್ದರೆ ಅದು ಯಾವ ಅಕ್ಷರಕ್ಕಾದರೂ ಹೊಂದುತ್ತದೆ. ಶುರು, ಕೊನೆ ಗುರುತಿಸದಿದ್ದರೆ ‘ಪೇಮೆಂಟ್’ ಅನ್ನುವುದು ‘ಪೇಮೆಂಟ್-ಹಿಸ್ಟರಿ’ಗೂ ಹೊಂದುತ್ತದೆ, ‘ಪೇಮೆಂಟ್-ಡೆಮೊ’ಗೂ ಹೊಂದುತ್ತದೆ. ಅಲಿಯಾಸ್‌ನಲ್ಲಾದರೆ ಹೆಸರಿನ ಕೊನೆಗೆ $ ಹಾಕಿದರೆ ಸಾಕು, ಆ ಹೆಸರು ಇದ್ದ ಹಾಗೇ ಇದ್ದರೆ ಮಾತ್ರ ಬದಲಾಗುತ್ತದೆ. ಈ ಪ್ಲಗಿನ್‌ಗೆ ಎಕ್ಸ್‌ಪ್ರೆಶನ್ ಜೊತೆ ಫಂಕ್ಷನ್ ಕೂಡ ಕೊಡಬಹುದು, ಯಾರು ಇಂಪೋರ್ಟ್ ಮಾಡಿದರು ಅಂತ ನೋಡಿ ಬದಲಿಸಬಹುದು. ಅದೇ ಇದರ ನಿಜವಾದ ಬಲ. ನಿಮ್ಮ ಕೆಲಸಕ್ಕೆ ಅದು ಬೇಕಾಗಿಲ್ಲ.

ಇಷ್ಟೂ ಇವತ್ತಿನ ತುರ್ತಿಗೆ. ಆದರೆ ಈ ಎಲ್ಲ ದಾರಿಗಳಲ್ಲೂ ನನಗೆ ಸಮಾಧಾನವಾಗದ ಒಂದು ಸಂಗತಿ ಇದೆ. ಕೋಡ್ ಓದುವವರಿಗೆ ಬದಲಾವಣೆ ಕಾಣುವುದಿಲ್ಲ. ನಾಳೆ ಹೊಸಬರು ಒಬ್ಬರು ನಿಮ್ಮ ತಂಡ ಸೇರುತ್ತಾರೆ. ಇಂಪೋರ್ಟ್ ಸಾಲಿನಲ್ಲಿ ‘./ಪೇಮೆಂಟ್’ ಅಂತಿದೆ. ಅವರು ಆ ಫೈಲ್ ತೆರೆಯುತ್ತಾರೆ, ಅದನ್ನೇ ತಿದ್ದುತ್ತಾರೆ. ಡೆಮೊದಲ್ಲಿ ಮಾತ್ರ ಏನೂ ಬದಲಾಗುವುದಿಲ್ಲ. ಪಾಪ, ಅವರು ಬಿಲ್ಡ್ ಸೆಟ್ಟಿಂಗ್ ಫೈಲನ್ನು ಯಾಕೆ ತೆರೆದು ನೋಡುತ್ತಾರೆ? ಬದಲಾಗುವ ಜಾಗ ಅಂತ ಆ ಸಾಲೇ ಹೇಳಬೇಕು.

ಇದಕ್ಕೆ ಒಳ್ಳೆಯ ವ್ಯವಸ್ಥೆ ಈಗ ಭಾಷೆಯ ಸುತ್ತಲಿನ ಸಾಧನಗಳಲ್ಲೇ ಇದೆ. ಪ್ರಾಜೆಕ್ಟ್‌ನ ವಿವರ ಇರುವ ಪ್ಯಾಕೇಜ್.ಜೇಸನ್ ಫೈಲ್‌ನಲ್ಲಿ ‘ಇಂಪೋರ್ಟ್ಸ್’ ಅನ್ನುವ ಒಂದು ಭಾಗ ಬರೆಯಬಹುದು. ಅಲ್ಲಿನ ಹೆಸರುಗಳು # ಗುರುತಿನಿಂದ ಶುರುವಾಗಬೇಕು. ‘#ಪೇಮೆಂಟ್’ ಅಂತ ಒಂದು ಹೆಸರಿಟ್ಟು, ಅದರ ಕೆಳಗೆ ಎರಡು ಷರತ್ತು ಬರೆಯಿರಿ. ‘ಪೇಮೆಂಟ್-ಡೆಮೊ’ ಅನ್ನುವ ಷರತ್ತಿಗೆ ನಕಲಿ ಫೈಲ್, ‘ಪೇಮೆಂಟ್-ಲೈವ್’ ಅನ್ನುವ ಷರತ್ತಿಗೆ ನಿಜವಾದ ಫೈಲ್. ಕೋಡ್‌ನಲ್ಲಿ ಎಲ್ಲ ಕಡೆ ‘#ಪೇಮೆಂಟ್’ ಅಂತಲೇ ಇಂಪೋರ್ಟ್ ಮಾಡಿ. ಯಾವ ಫೋಲ್ಡರ್‌ನಿಂದ ಬರೆದರೂ ಹೆಸರು ಒಂದೇ. ಆ # ನೋಡಿದವರಿಗೆ ‘ಇದು ಮಾಮೂಲಿ ಫೈಲ್ ಅಲ್ಲ, ಪ್ಯಾಕೇಜ್.ಜೇಸನ್ ನೋಡಬೇಕು’ ಅಂತ ತಕ್ಷಣ ಗೊತ್ತಾಗುತ್ತದೆ.

ಯಾವ ಷರತ್ತು ಜಾರಿಯಲ್ಲಿದೆ ಅಂತ ಬಿಲ್ಡ್ ಹೊತ್ತಿಗೆ ಹೇಳಬೇಕು. ವೆಬ್‌ಪ್ಯಾಕ್‌ನಲ್ಲಿ ರಿಸಾಲ್ವ್ ಭಾಗದ ‘ಕಂಡಿಷನ್ ನೇಮ್ಸ್’ ಪಟ್ಟಿಗೆ ಸೇರಿಸಿ. ಆ ಪಟ್ಟಿಯಲ್ಲಿ ನಿಮ್ಮ ಷರತ್ತಿನ ಹೆಸರಿನ ಜೊತೆ ಮೂರು ಚುಕ್ಕಿಯ ಒಂದು ಸ್ಟ್ರಿಂಗ್ ಕೂಡ ಇರಲೇಬೇಕು. ‘ಮೊದಲಿದ್ದವೂ ಇರಲಿ’ ಅಂತ ಅದರ ಅರ್ಥ. ಅದನ್ನು ಮರೆತರೆ ‘ಬ್ರೌಸರ್’, ‘ಪ್ರೊಡಕ್ಷನ್’ ಮುಂತಾದ ಮಾಮೂಲಿ ಷರತ್ತುಗಳು ಹೊರಟುಹೋಗಿ, ಬೇರೆ ಲೈಬ್ರರಿಗಳು ತಪ್ಪು ಫೈಲ್ ಕೊಡಲು ಶುರುಮಾಡುತ್ತವೆ. ವೀಟ್ ಅನ್ನುವ ಇನ್ನೊಂದು ಬಿಲ್ಡ್ ಸಾಧನದ 6ನೇ ಆವೃತ್ತಿಯಿಂದ ಅಲ್ಲೂ ಹೀಗೇ. ಕಂಡಿಷನ್ಸ್ ಪಟ್ಟಿ ನೀವು ಬರೆದರೆ ಮಾಮೂಲಿಯವನ್ನೂ ನೀವೇ ಸೇರಿಸಬೇಕು. ಇಎಸ್‌ಬಿಲ್ಡ್ ಅನ್ನುವ ಬಂಡ್ಲರ್‌ನಲ್ಲೂ ನೋಡ್‌ನಲ್ಲೂ ‘ಕಂಡಿಷನ್ಸ್’ ಅನ್ನುವ ಆಯ್ಕೆ ಕಮಾಂಡ್ ಸಾಲಿನಲ್ಲೇ ಇದೆ. ಟೈಪ್‌ಸ್ಕ್ರಿಪ್ಟ್ 5.0ರಿಂದ ‘ಕಸ್ಟಮ್ ಕಂಡಿಷನ್ಸ್’ ಇದೆ. ಎರಡು ಷರತ್ತೂ ಒಟ್ಟಿಗೆ ಜಾರಿಯಲ್ಲಿದ್ದರೆ ಗೆಲ್ಲುವುದು ಪ್ಯಾಕೇಜ್.ಜೇಸನ್‌ನಲ್ಲಿ ಮೊದಲು ಬರೆದದ್ದು. ಬಂಡ್ಲರ್ ಪಟ್ಟಿಯ ಕ್ರಮಕ್ಕೆ ಇಲ್ಲಿ ಬೆಲೆ ಇಲ್ಲ.

ಬೇರೆ ಯಾವುದೂ ಹೊಂದದಿದ್ದಾಗ ಬರುವ ‘ಡಿಫಾಲ್ಟ್’ ಅನ್ನುವ ಷರತ್ತನ್ನು ನಾನು ಬರೆಯಲಿಲ್ಲ, ಗಮನಿಸಿದಿರಾ? ಬೇಕೆಂದೇ ಬಿಟ್ಟಿದ್ದೇನೆ. ಅದರ ಹಿಂದೆ ಒಂದು ಕಥೆ ಇದೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ತಂಡದಲ್ಲಿ ಇಂಥದ್ದೇ ಎರಡು ಫೈಲ್ ಇದ್ದವು. ಎನ್ವಿರಾನ್‌ಮೆಂಟ್ ವೇರಿಯೆಬಲ್ (ಮಷೀನ್‌ನಲ್ಲಿ ಇಡುವ ಸೆಟ್ಟಿಂಗ್) ಇಲ್ಲದಿದ್ದರೆ ನಕಲಿಯದು ಬರಲಿ, ಡೆವಲಪರ್‌ಗಳಿಗೆ ಅನುಕೂಲ ಅಂತ ಮಾಡಿದ್ದೆವು. ಒಂದು ದಿನ ಬಿಲ್ಡ್ ಮಾಡುವ ಮಷೀನ್ ಬದಲಾಯಿತು. ಹೊಸ ಮಷೀನ್‌ನಲ್ಲಿ ಆ ವೇರಿಯೆಬಲ್ ಹಾಕುವುದನ್ನು ಮರೆತೆವು. ಬಿಲ್ಡ್ ಹಸಿರಾಯಿತು, ಸೈಟ್ ಮೇಲೆ ಹೋಯಿತು. ಜನ ಆರ್ಡರ್ ಮಾಡಿದರು, ‘ಪಾವತಿ ಆಯಿತು’ ಅಂತ ಪರದೆ ಮೇಲೆ ಬಂತು. ಹಣ ಮಾತ್ರ ಎಲ್ಲಿಂದಲೂ ಬರಲಿಲ್ಲ. ಲೆಕ್ಕ ನೋಡುವವರು ಫೋನ್ ಮಾಡುವ ತನಕ ನಮಗೆ ಗೊತ್ತೇ ಆಗಲಿಲ್ಲ. ತಿರುಗಿಸಿ ನೋಡಿದರೂ ಅಪಾಯ ಕಡಿಮೆಯಿಲ್ಲ. ಡಿಫಾಲ್ಟ್ ನಿಜವಾದದ್ದಾಗಿದ್ದರೆ, ಮರೆತ ದಿನ ಡೆಮೊದಲ್ಲಿ ನಿಜವಾದ ಹಣ ಕಡಿತವಾಗುತ್ತದೆ. ಡಿಫಾಲ್ಟ್ ಇಲ್ಲದಿದ್ದರೆ, ಷರತ್ತು ಮರೆತಾಗ ‘#ಪೇಮೆಂಟ್’ಗೆ ಯಾವ ಫೈಲೂ ಸಿಗುವುದಿಲ್ಲ, ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಹಣದ ವಿಷಯದಲ್ಲಿ ನನಗೆ ಅದೇ ಬೇಕು.

ಎರಡು ಫೈಲ್‌ಗಳ ಎಕ್ಸ್‌ಪೋರ್ಟ್‌ಗಳು (ಹೊರಗೆ ಕೊಡುವ ಹೆಸರುಗಳು) ಒಂದೇ ಇರಬೇಕು ಅನ್ನುವುದು ಹೇಳದೆಯೂ ಗೊತ್ತಿರುವ ಮಾತು. ಆದರೂ ಆರು ತಿಂಗಳಲ್ಲಿ ಎರಡೂ ದೂರ ಹೋಗಿರುತ್ತವೆ. ನಿಜವಾದ ಫೈಲ್‌ಗೆ ಯಾರೋ ‘ರಿಫಂಡ್’ ಸೇರಿಸುತ್ತಾರೆ, ನಕಲಿಗೆ ಸೇರಿಸುವುದಿಲ್ಲ. ರೋಲಪ್ ಅನ್ನುವ ಬಂಡ್ಲರ್ ಇಂಥದ್ದನ್ನು ತಪ್ಪು ಅಂತ ಹೇಳಿ ನಿಲ್ಲಿಸುತ್ತದೆ. ವೆಬ್‌ಪ್ಯಾಕ್ ಸಾಮಾನ್ಯ ಫೈಲ್‌ಗಳಿಗೆ ಎಚ್ಚರಿಕೆ ಮಾತ್ರ ಕೊಟ್ಟು ಮುಂದೆ ಹೋಗುತ್ತದೆ. ಅದರ ಜಾವಾಸ್ಕ್ರಿಪ್ಟ್ ಪಾರ್ಸರ್ ಸೆಟ್ಟಿಂಗ್‌ನಲ್ಲಿ ‘ಎಕ್ಸ್‌ಪೋರ್ಟ್ಸ್ ಪ್ರೆಸೆನ್ಸ್’ ಅನ್ನು ‘ಎರರ್’ ಮಾಡಿ. ಜೊತೆಗೆ ಎರಡೂ ಫೈಲ್‌ಗಳ ಎಕ್ಸ್‌ಪೋರ್ಟ್ ಹೆಸರುಗಳನ್ನು ಹೋಲಿಸುವ ಐದು ಸಾಲಿನ ಟೆಸ್ಟ್ ಒಂದನ್ನು ಬರೆಯಿರಿ. ಟೈಪ್‌ಸ್ಕ್ರಿಪ್ಟ್ ಇದ್ದರೆ ಎರಡಕ್ಕೂ ಒಂದೇ ಇಂಟರ್‌ಫೇಸ್ ಕೊಡಿ.

ಬದಲಿ ಫೈಲ್ ತನ್ನ ಮೂಲವನ್ನೇ ಇಂಪೋರ್ಟ್ ಮಾಡುವ ಸಂದರ್ಭವೂ ಬರುತ್ತದೆ. ನಕಲಿ ಪೇಮೆಂಟ್ ಫೈಲ್‌ನಲ್ಲಿ ಬೆಲೆ ಲೆಕ್ಕ ಹಾಕುವ ಫಂಕ್ಷನ್ ಬೇಕು, ಅದು ನಿಜವಾದ ಫೈಲ್‌ನಲ್ಲಿದೆ ಅಂತಿಟ್ಟುಕೊಳ್ಳಿ. ಇಂಪೋರ್ಟ್ ಮಾಡಿದ ಕೂಡಲೇ ಅಲಿಯಾಸ್ ಅದನ್ನೂ ತಿರುಗಿಸಿ ನಕಲಿ ಫೈಲ್ ತನ್ನನ್ನೇ ಇಂಪೋರ್ಟ್ ಮಾಡಿಕೊಳ್ಳುವಂತೆ ಮಾಡುತ್ತದೆ. ಎಕ್ಸ್‌ಟೆನ್ಷನ್ ದಾರಿಯಲ್ಲೂ ಇದೇ ಕಥೆ. ಎರಡಕ್ಕೂ ಬೇಕಾದದ್ದನ್ನು ಮೂರನೇ ಫೈಲ್‌ಗೆ ಎತ್ತಿಡುವುದೇ ಇದಕ್ಕೆ ಮದ್ದು. ರೋಲಪ್‌ಗೆ ಸ್ವಂತ ಪ್ಲಗಿನ್ ಬರೆಯುವವರು ‘ಸ್ಕಿಪ್ ಸೆಲ್ಫ್’ ಆಯ್ಕೆ ಬಳಸುವುದೂ ಪ್ಲಗಿನ್ ತನ್ನನ್ನೇ ಮತ್ತೆ ಮತ್ತೆ ಕರೆದುಕೊಳ್ಳುವ ಇಂಥದೇ ಸುತ್ತನ್ನು ತಪ್ಪಿಸಲು.

ಹೊರಗಿನ ಲೈಬ್ರರಿಗಳ ಬಗ್ಗೆ ನೀವು ಕೇಳಿಲ್ಲ. ಆದರೆ ರಿಯಾಕ್ಟ್ ಬಳಸುತ್ತಿದ್ದೀರಿ, ಒಂದಲ್ಲ ಒಂದು ದಿನ ಯಾರಾದರೂ ‘ಅದರ ಚಿಕ್ಕ ಬದಲಿ ಪ್ರಿಯಾಕ್ಟ್ ಹಾಕಿದರೆ ಬಂಡಲ್ ಚಿಕ್ಕದಾಗುತ್ತದಂತೆ’ ಅನ್ನುತ್ತಾರೆ. ಅಲ್ಲಿ ಅಲಿಯಾಸ್ ನಿಜಕ್ಕೂ ಹೇಳಿ ಮಾಡಿಸಿದ ಸಾಧನ. ರಿಯಾಕ್ಟ್, ರಿಯಾಕ್ಟ್-ಡಾಮ್ ಎರಡೂ ‘ಪ್ರಿಯಾಕ್ಟ್/ಕಂಪ್ಯಾಟ್’ಗೆ ತಿರುಗಬೇಕು. ‘ರಿಯಾಕ್ಟ್/ಜೆಎಸ್ಎಕ್ಸ್-ರನ್‌ಟೈಮ್’ ಅನ್ನು ಪ್ರಿಯಾಕ್ಟ್‌ನ ಅದೇ ಹೆಸರಿನ ಫೈಲ್‌ಗೆ ತಿರುಗಿಸುವುದನ್ನು ಮರೆಯಬಾರದು. ನೋಡ್ ಮಾಡ್ಯೂಲ್ಸ್ ಫೋಲ್ಡರ್ ಒಳಗಿನ ಲೈಬ್ರರಿಗಳು ರಿಯಾಕ್ಟ್ ಕೇಳಿದರೂ ಬಂಡ್ಲರ್ ಪ್ರಿಯಾಕ್ಟ್ ಕೊಡುತ್ತದೆ, ಯಾಕೆಂದರೆ ಅವುಗಳ ಇಂಪೋರ್ಟ್‌ಗಳೂ ಅದರ ಕೈಯಿಂದಲೇ ಹಾಯುತ್ತವೆ. ಸರ್ವರ್‌ನಲ್ಲಿ ಪುಟ ತಯಾರಿಸುವಾಗ ಮಾತ್ರ ತೊಂದರೆ. ಅಲ್ಲಿ ಲೈಬ್ರರಿಗಳನ್ನು ಬಂಡಲ್ ಮಾಡದೆ ನೋಡ್‌ಗೇ ಬಿಡುವುದು ವಾಡಿಕೆ. ನೋಡ್‌ಗೆ ನಿಮ್ಮ ಅಲಿಯಾಸ್ ಗೊತ್ತಿಲ್ಲ. ಅರ್ಧ ಕೋಡ್ ಪ್ರಿಯಾಕ್ಟ್, ಅರ್ಧ ರಿಯಾಕ್ಟ್ ಆಗಿ ಹುಕ್ಸ್ ಅನ್ನುವ ರಿಯಾಕ್ಟ್ ಫಂಕ್ಷನ್‌ಗಳು ಮುರಿಯುತ್ತವೆ. ಆಗ ಬದಲಾವಣೆಯನ್ನು ಬಂಡ್ಲರ್‌ನಿಂದ ಎತ್ತಿ, ಲೈಬ್ರರಿ ಇನ್‌ಸ್ಟಾಲ್ ಮಾಡುವ ಎನ್‌ಪಿಎಂ ಹಂತಕ್ಕೇ ಹಾಕಬೇಕು. ಪ್ಯಾಕೇಜ್.ಜೇಸನ್‌ನಲ್ಲಿ ರಿಯಾಕ್ಟ್ ಅನ್ನುವ ಹೆಸರಿನ ಕೆಳಗೆ ‘@ಪ್ರಿಯಾಕ್ಟ್/ಕಂಪ್ಯಾಟ್’ ಅನ್ನೇ ಇನ್‌ಸ್ಟಾಲ್ ಮಾಡಬಹುದು.

2020ರ ಅಕ್ಟೋಬರ್‌ನಲ್ಲಿ ವೆಬ್‌ಪ್ಯಾಕ್ 5 ಬಂದಾಗ ನೋಡ್‌ನ ಒಳ ಮಾಡ್ಯೂಲ್‌ಗಳಿಗೆ ಬ್ರೌಸರ್ ಬದಲಿಗಳನ್ನು ತಾನಾಗಿ ಸೇರಿಸುವುದನ್ನು ನಿಲ್ಲಿಸಿತು. ಅವತ್ತಿನಿಂದ ‘ಫಾಲ್‌ಬ್ಯಾಕ್’ ಸೆಟ್ಟಿಂಗ್ ಎಲ್ಲರ ಬಾಯಲ್ಲೂ ಇದೆ. ಅದನ್ನು ಅಲಿಯಾಸ್ ಜೊತೆ ಬೆರೆಸಬೇಡಿ. ಫಾಲ್‌ಬ್ಯಾಕ್ ಕೆಲಸಕ್ಕೆ ಬರುವುದು ಮಾಮೂಲಿ ಹುಡುಕಾಟ ಸೋತಾಗ ಮಾತ್ರ. ನಿಮ್ಮ ಪೇಮೆಂಟ್ ಫೈಲ್ ಇದ್ದೇ ಇದೆ, ಹುಡುಕಾಟ ಸೋಲುವುದೇ ಇಲ್ಲ.

ಟೆಸ್ಟ್‌ಗಳನ್ನು ಮರೆಯಬೇಡಿ. ಟೆಸ್ಟ್ ಓಡಿಸುವ ಜೆಸ್ಟ್ ನಿಮ್ಮ ವೆಬ್‌ಪ್ಯಾಕ್ ಸೆಟ್ಟಿಂಗ್ ಓದುವುದಿಲ್ಲ. ಅಲಿಯಾಸ್ ಇದ್ದರೆ ಜೆಸ್ಟ್‌ನ ‘ಮಾಡ್ಯೂಲ್ ನೇಮ್ ಮ್ಯಾಪರ್’ನಲ್ಲಿ ಮತ್ತೆ ಬರೆಯಬೇಕು. ಟೈಪ್‌ಸ್ಕ್ರಿಪ್ಟ್‌ನ ‘ಪಾತ್ಸ್’ ಕೂಡ ಟೈಪ್ ಪರೀಕ್ಷೆಗೆ ಮಾತ್ರ, ಹೊರಬರುವ ಕೋಡ್‌ನಲ್ಲಿ ಹೆಸರನ್ನು ಅದು ಬದಲಿಸುವುದಿಲ್ಲ. ಒಂದೇ ಮಾತನ್ನು ಮೂರು ಕಡೆ ಬರೆಯಬೇಕಾದಾಗ ಒಂದು ಕಡೆ ತಪ್ಪುವುದು ಖಂಡಿತ. # ಹೆಸರನ್ನು ನಾನು ಇಷ್ಟಪಡಲು ಇದೂ ಒಂದು ಕಾರಣ, ಹೆಸರುಗಳ ಪಟ್ಟಿ ಪ್ಯಾಕೇಜ್.ಜೇಸನ್‌ನಲ್ಲಿ ಒಂದೇ ಕಡೆ ಇರುತ್ತದೆ. ಬೇರೆ ಬೇರೆ ಸಾಧನಗಳಿಗೆ ಷರತ್ತಿನ ಹೆಸರು ಹೇಳಿದರೆ ಸಾಕು.

ಈಗ ನಿಮ್ಮ ಕೆಲಸದ ಕ್ರಮ. ಇವತ್ತು ಪೂರ್ತಿ ವಿಳಾಸದ ಅಲಿಯಾಸ್ ಹಾಕಿ ಡೆಮೊ ಕೊಡಿ, ಆ 40 ಫೈಲ್ ಮುಟ್ಟಬೇಡಿ. ಡೆಮೊ ಮುಗಿದ ಮೇಲೆ ಒಂದು ಮಧ್ಯಾಹ್ನ ಕೂತು ಎಲ್ಲ ಇಂಪೋರ್ಟ್‌ಗಳನ್ನು ‘#ಪೇಮೆಂಟ್’ಗೆ ಬದಲಿಸಿ. ಎಡಿಟರ್‌ನ ಹುಡುಕು-ಬದಲಿಸು ಸಾಕು, ಆಮೇಲೆ ಅಲಿಯಾಸ್ ತೆಗೆದುಹಾಕಿ. ವೆಬ್‌ಪ್ಯಾಕ್‌ನ ಡಿಸ್ಕ್ ಕ್ಯಾಶ್ (ಹಿಂದಿನ ಬಿಲ್ಡ್‌ನ ಉಳಿಸಿಟ್ಟ ಕೆಲಸ) ಬಳಸುತ್ತಿದ್ದರೆ ಕ್ಯಾಶ್‌ನ ‘ವರ್ಷನ್’ ಜಾಗದಲ್ಲಿ ಡೆಮೊ ಅಥವಾ ಲೈವ್ ಅಂತ ಹಾಕಿ, ಎರಡು ಬಿಲ್ಡ್‌ಗಳ ಕ್ಯಾಶ್ ಬೆರೆಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಬಿಲ್ಡ್ ಆದ ಮೇಲೆ ಹೊರಬಂದ ಫೈಲ್‌ಗಳನ್ನೇ ತಡಕಿ ನೋಡಿ. ನಕಲಿ ಫೈಲ್‌ನ ಎರರ್ ಸಂದೇಶವೊಂದರಲ್ಲಿ ಬೇರೆಲ್ಲೂ ಬಾರದ ಒಂದು ಸ್ಟ್ರಿಂಗ್ ಇಡಿ, ನಿಜವಾದದ್ದರಲ್ಲಿ ಇನ್ನೊಂದು. ಕಾಮೆಂಟ್‌ನಲ್ಲಿ ಇಟ್ಟರೆ ಮಿನಿಫೈ ಮಾಡುವಾಗ (ಕೋಡನ್ನು ಚಿಕ್ಕದು ಮಾಡುವಾಗ) ಅಳಿಸಿಹೋಗುತ್ತದೆ, ಬಳಸದ ವೇರಿಯೆಬಲ್‌ನಲ್ಲಿ ಇಟ್ಟರೂ ಅಷ್ಟೇ. ನಿಜವಾಗಿ ಓಡುವ ಕೋಡ್‌ನಲ್ಲೇ ಇರಬೇಕು. ಲೈವ್ ಬಿಲ್ಡ್‌ನಲ್ಲಿ ನಕಲಿಯ ಸ್ಟ್ರಿಂಗ್ ಸಿಕ್ಕರೆ, ಅಥವಾ ತನ್ನ ಸ್ಟ್ರಿಂಗೇ ಸಿಗದಿದ್ದರೆ, ಬಿಲ್ಡ್ ಬೀಳಲಿ. ಡೆಮೊಗೂ ಅದೇ ನಿಯಮ ತಿರುಗಿಸಿ ಹಾಕಿ. ಫೈಲ್‌ಗಳಲ್ಲಿ ಪದ ಹುಡುಕುವ ಗ್ರೆಪ್ ಕಮಾಂಡ್‌ನ ಎರಡು ಸಾಲು ಸಾಕು. ನಾನು ಹೇಳಿದ ಆ ಘಟನೆ ಆದ ಮಾರನೇ ದಿನವೇ ನಾವು ಆ ಎರಡು ಸಾಲು ಸೇರಿಸಿದೆವು.